ದಾರಿಯ ಹಕ್ಕು: ಮೊದಲು ಸಲಾಂ ಹೇಳಬೇಕಾದವರು ಯಾರು?

(ಜುಮಾ ಖುತ್ಬಾದ ಸಾರಾಂಶ)

ಸ್ತುತಿಗಳೆಲ್ಲವೂ ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಪ್ರಿಯ ಸಹೋದರರೇ,

ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನನಗೆ, ಬಳಿಕ ನಿಮಗೆ ಉಪದೇಶಿಸುತ್ತೇನೆ.

ಕಳೆದ ವಾರ ಫಜ್ರ್ ನಮಾಝ್ ಮುಗಿಸಿ ನಮ್ಮ ಜಮಾಅತಿನ ನಾಲ್ಕೈದು ಹುಡುಗರು ಸೈಕಲ್ ಹತ್ತಿ ಕೆರೆ ಏರಿಯ ಕಡೆ ಹೋದರು. ಬೆಳಿಗ್ಗೆ ಹಾಸಿಗೆ ಬಿಟ್ಟೆದ್ದು, ನಮಾಝ್ ಮಾಡಿ, ಮೈ ದಣಿಸುವ ಹುಡುಗರನ್ನು ಕಂಡರೆ ನನಗೆ ಸಂತೋಷ. ಆ ಹೊತ್ತಿನಲ್ಲಿ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರೂ ಇರುತ್ತಾರೆ. ಒಬ್ಬ ಅಜ್ಜನವರು ಕೋಲೂರಿಕೊಂಡು ನಡೆಯುತ್ತಿದ್ದರು. ಹಿಂದಿನಿಂದ ಸದ್ದಿಲ್ಲದೆ ಬಂದ ಸೈಕಲ್ ಅವರ ತೋಳಿನ ಪಕ್ಕದಲ್ಲೇ ಹಾದುಹೋಯಿತು. ತಾಗಲಿಲ್ಲ. ಆದರೆ ಅವರು ಬೆಚ್ಚಿ, ಬದಿಗೆ ಸರಿಯಲು ಹೋಗಿ ಬಿದ್ದರು. ಮೊಣಕೈ ತರಚಿತು.

ಹುಡುಗರು ಓಡಿಹೋಗಲಿಲ್ಲ. ಎಬ್ಬಿಸಿ, ಮನೆಗೆ ಮುಟ್ಟಿಸಿ ಬಂದರು. ಆಮೇಲೆ ನನ್ನ ಬಳಿ ಬಂದು, "ಮೌಲಾನಾ, ನಾವು ಅವರಿಗೆ ತಾಗಿಸಲೇ ಇಲ್ಲ. ನಮ್ಮ ತಪ್ಪೇನು?" ಎಂದು ಕೇಳಿದರು. ಈ ದಿನದ ಮಾತು ಆ ಪ್ರಶ್ನೆಗೆ ಉತ್ತರ.

ಸಹೋದರರೇ, ಒಂದು ಪ್ರಯಾಣದಲ್ಲಿ ಸಹಾಬಿಗಳ ಪೈಕಿ ಒಬ್ಬರು ನಿದ್ದೆ ಹೋಗಿದ್ದರು. ಇನ್ನೊಬ್ಬರು ಅವರ ಬಳಿಯಿದ್ದ ಹಗ್ಗವನ್ನು ತೆಗೆದುಕೊಂಡಾಗ ಅವರು ಗಾಬರಿಗೊಂಡು ಎಚ್ಚೆತ್ತರು. ಗಾಯವಾಗಲಿಲ್ಲ, ಏನೂ ಕಳೆದುಹೋಗಲಿಲ್ಲ. ಆದರೂ ಪ್ರವಾದಿ(ಸ)ರು, ಒಬ್ಬ ಮುಸ್ಲಿಮನು ಇನ್ನೊಬ್ಬನನ್ನು ಹೆದರಿಸುವುದು ಸಮ್ಮತವಲ್ಲ ಎಂದು ಕಲಿಸಿದರು (ಅಬೂ ದಾವೂದ್). ಅಂದರೆ ಬೆಚ್ಚಿಬೀಳಿಸುವುದೇ ಒಂದು ಹಾನಿ. ಕೆರೆ ಏರಿಯ ಅಜ್ಜನವರು ನಮ್ಮ ಧರ್ಮದವರಲ್ಲ, ಆದರೆ ನಮ್ಮ ನೆರೆಯವರು. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಒತ್ತಿ ಹೇಳಿದ್ದಾರೆಂಬುದು ನಿಮಗೆ ಗೊತ್ತಿದೆ.

ಸಲಾಮಿನ ನಿಯಮವೊಂದನ್ನು ನಾವೆಲ್ಲ ಮದ್ರಸದಲ್ಲಿ ಕಲಿತಿದ್ದೇವೆ. ಸವಾರನು ನಡೆಯುವವನಿಗೆ, ನಡೆಯುವವನು ಕುಳಿತವನಿಗೆ, ಸಣ್ಣ ಗುಂಪು ದೊಡ್ಡ ಗುಂಪಿಗೆ ಮೊದಲು ಸಲಾಂ ಹೇಳಬೇಕು (ಬುಖಾರಿ, ಮುಸ್ಲಿಮ್). ಪರೀಕ್ಷೆಗೆ ಕಂಠಪಾಠ ಮಾಡಿದೆವು, ಮರೆತೆವು. ಆದರೆ ಇದರ ಹಿಂದಿನ ಕಾರಣವೇನು? ಇಬ್ನ್ ಹಜರ್(ರ)ರ ಫತ್‌ಹುಲ್ ಬಾರಿಯಲ್ಲಿ ಉಲಾಮಾಗಳ ವಿವರಣೆ ಇದೆ: ವಾಹನವೇರಿದವನಲ್ಲಿ ಅಹಂಕಾರ ಮೂಡದೆ ಅವನು ವಿನಯಕ್ಕೆ ಮರಳಲಿ ಎಂಬುದಕ್ಕಾಗಿ ಈ ನಿಯಮ. ಯಾರು ಎತ್ತರದಲ್ಲಿದ್ದಾನೋ, ಯಾರಿಗೆ ವೇಗವಿದೆಯೋ, ಅವನೇ ಮೊದಲು ಬಾಗಬೇಕು.

ಈಗ ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಒಂದೇ ಕಿರುದಾರಿಯನ್ನು ಹಂಚಿಕೊಳ್ಳುವ ದೇಶಗಳನ್ನು ನೋಡಿ. ಇಂಗ್ಲೆಂಡಿನಲ್ಲಿ ಕುದುರೆ ಸವಾರರಿಗೆಂದೇ ಹಳೆಯ ಗ್ರಾಮೀಣ ದಾರಿಗಳಿವೆ. 1968ರ ಒಂದು ಕಾನೂನು ಅಲ್ಲಿ ಸೈಕಲ್ಲಿಗೂ ಅವಕಾಶ ಕೊಟ್ಟಿತು, ಆದರೆ ಒಂದು ಷರತ್ತಿನೊಂದಿಗೆ: ಸೈಕಲ್ಲಿನವನು ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಅಮೆರಿಕದ ಬೆಟ್ಟದ ದಾರಿಗಳ ಆರಂಭದಲ್ಲಿ ಇದನ್ನೇ ಸೂಚಿಸುವ ತ್ರಿಕೋನಾಕಾರದ ಫಲಕಗಳಿರುತ್ತವೆ. ಸೈಕಲ್ ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವನು ಕುದುರೆಗೆ ದಾರಿ ಬಿಡಬೇಕು.

ಕುದುರೆಗೆ ಯಾಕೆ ಎಲ್ಲರೂ ದಾರಿ ಬಿಡಬೇಕು? ಸವಾರ ದೊಡ್ಡವನೆಂದಲ್ಲ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿವೆ. ಸುತ್ತಲಿನದ್ದೆಲ್ಲ ಅದಕ್ಕೆ ಹೆಚ್ಚು ಕಡಿಮೆ ಕಾಣಿಸುತ್ತದೆ, ತನ್ನ ಬಾಲದ ನೇರ ಹಿಂದಿನದು ಮಾತ್ರ ಕಾಣಿಸುವುದಿಲ್ಲ. ಅಲ್ಲಿಂದ ಏನಾದರೂ ದಿಢೀರನೆ ಬಂದರೆ ಅದು ಓಡುತ್ತದೆ ಅಥವಾ ಒದೆಯುತ್ತದೆ. ಮೈಸೂರಿನಲ್ಲಿ ಟಾಂಗಾ ಓಡಿಸುವ ನಮ್ಮ ಸಹೋದರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಹಿಂದಿನಿಂದ ಬರುವವನು ದೂರದಿಂದಲೇ ಮಾತಾಡಿಸಬೇಕು, ವೇಗ ತಗ್ಗಿಸಬೇಕು, ಸವಾರ ಹೇಳಿದ ಬದಿಯಿಂದ ಅಂತರ ಬಿಟ್ಟು ಹೋಗಬೇಕು. ಮನುಷ್ಯನ ಧ್ವನಿ ಕೇಳಿದರೆ ಬರುತ್ತಿರುವುದು ಮನುಷ್ಯನೆಂದು ಪ್ರಾಣಿಗೂ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಾರಿ ಬಿಡಬೇಕಾದುದು ನಡೆಯುವವನು, ಆದರೆ ಸಲಾಂ ಮೊದಲು ಹೇಳಬೇಕಾದುದು ಸವಾರ. ಎರಡರಲ್ಲಿ ವಿರೋಧವಿಲ್ಲ. ದಾರಿ ಸಿಗುವುದು ಗೌರವದಿಂದಲ್ಲ, ಅಗತ್ಯದಿಂದ. ಯಾರಿಗೆ ನಿಲ್ಲುವುದು ಸುಲಭವೋ ಅವರು ನಿಲ್ಲಬೇಕು. ಹಾಗೆ ದಾರಿ ಪಡೆದವನು ಅದನ್ನು ತನ್ನ ಹಿರಿಮೆಯೆಂದು ತಿಳಿಯದೆ, ಮೊದಲು ಸಲಾಂ ಹೇಳಿ, ನಿಧಾನವಾಗಿ ಸಾಗಬೇಕು.

ರಜೆಯಲ್ಲಿ ನಮ್ಮ ಮಕ್ಕಳು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಹೋಗುತ್ತಾರೆ. 1,930 ಮೀಟರ್ ಎತ್ತರದ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಅದು. ಇಂಥ ಬೆಟ್ಟಗಳ ಇಕ್ಕಟ್ಟಿನ ದಾರಿಯಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡುವುದು ರೂಢಿ. ಹತ್ತುವವನ ಕಣ್ಣು ನೆಲದ ಮೇಲಿರುತ್ತದೆ, ಉಸಿರು ಏರಿರುತ್ತದೆ, ಒಮ್ಮೆ ನಿಂತರೆ ಮತ್ತೆ ಕಾಲು ಏಳುವುದಿಲ್ಲ. ಇಳಿಯುವವನಿಗೆ ಮುಂದಿನದೆಲ್ಲ ಕಾಣಿಸುತ್ತದೆ. ಹೆಚ್ಚು ಕಾಣುವವನ ಮೇಲೆ ಹೆಚ್ಚು ಹೊಣೆ. ಇನ್ನು ಹತ್ತುವವನೇ ದಣಿದು, ನೀವು ಹೋಗಿ ಎಂದರೆ ಅದು ಅವನ ಔದಾರ್ಯ. ಕೇಳಿ ಪಡೆಯಬೇಡಿ.

ಬಾಣ ಹಿಡಿದು ಮಸೀದಿಯಲ್ಲಾಗಲಿ ಪೇಟೆಯಲ್ಲಾಗಲಿ ಹಾದುಹೋಗುವವರು ಅದರ ಮೊನೆಯನ್ನು ಕೈಯಲ್ಲಿ ಹಿಡಿದಿರಬೇಕೆಂದು ಪ್ರವಾದಿ(ಸ)ರು ಆದೇಶಿಸಿದ್ದರು (ಬುಖಾರಿ, ಮುಸ್ಲಿಮ್). ಯಾರಿಗೂ ಅದು ಚುಚ್ಚಬಾರದು ಎಂಬುದಕ್ಕಾಗಿ. ಬಾಣ ಇಟ್ಟುಕೊಳ್ಳಬೇಡಿ ಎನ್ನಲಿಲ್ಲ. ಹಾಗೆಯೇ ಸೈಕಲ್ ಬೇಡ, ಬೈಕ್ ಬೇಡ ಎಂದು ನಾನೂ ಹೇಳುವುದಿಲ್ಲ. ಜನರ ನಡುವೆ ಹೋಗುವಾಗ ಅದರ ಮೊನೆಯನ್ನು ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಿ. ಆ ಮೊನೆಯ ಹೆಸರು ವೇಗ.

ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶವನ್ನು ಪವಿತ್ರ ಕುರ್‌ಆನ್ ನಮಗೆ ತಿಳಿಸುತ್ತದೆ. ಅದರಲ್ಲಿ ನಡಿಗೆಯಲ್ಲಿ ಮಿತವೂ ಧ್ವನಿಯಲ್ಲಿ ತಗ್ಗೂ ಒಟ್ಟಿಗೇ ಬರುತ್ತವೆ (31:19). ಇಂದು ಈ ಎರಡನ್ನೂ ನಾವು ಯಂತ್ರಕ್ಕೆ ಒಪ್ಪಿಸಿದ್ದೇವೆ. ನಡಿಗೆ ಆಕ್ಸಿಲರೇಟರಿಗೆ ಹೋಯಿತು, ಧ್ವನಿ ಹಾರ್ನಿಗೆ ಹೋಯಿತು.

ಹುಡುಗರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಹೇಳಬೇಕು. ಒಂದು ದಿನ ನಮಾಝಿಗೆ ತಡವಾಯಿತೆಂದು ಸ್ಕೂಟರಿನಲ್ಲಿ ಧಾವಿಸಿ ಬರುತ್ತಿದ್ದೆ. ಗಲ್ಲಿಯಲ್ಲಿ ಮಗುವಿನ ಕೈ ಹಿಡಿದು ಹೋಗುತ್ತಿದ್ದ ತಾಯಿಯ ಹಿಂದೆ ಜೋರಾಗಿ ಹಾರ್ನ್ ಹೊಡೆದೆ. ಮಗು ಅಳತೊಡಗಿತು. ನಾನು ನಿಲ್ಲಲಿಲ್ಲ. ಇಕಾಮತ್ ಕೇಳಿದಾಗಲೂ ಓಡದೆ ಶಾಂತವಾಗಿ ಬರಬೇಕು, ಸಿಕ್ಕಿದ್ದನ್ನು ನಿರ್ವಹಿಸಿ, ತಪ್ಪಿಹೋದುದನ್ನು ಪೂರ್ತಿಗೊಳಿಸಬೇಕು ಎಂಬ ಹದೀಸನ್ನು (ಬುಖಾರಿ, ಮುಸ್ಲಿಮ್) ಇದೇ ಮಿಂಬರಿನಿಂದ ಎಷ್ಟೋ ಸಲ ಹೇಳಿದ್ದವನು ನಾನು. ನಮಾಝಿಗಾಗಿ ಮಾಡುವ ಅವಸರಕ್ಕೇ ರಿಯಾಯಿತಿ ಇಲ್ಲದಿರುವಾಗ ಬೇರೆ ಯಾವ ಅವಸರಕ್ಕೆ ಇದ್ದೀತು? ಆ ಮಗುವಿನ ಅಳು ನನಗೆ ಇನ್ನೂ ಕೇಳಿಸುತ್ತದೆ.

ಸಹೋದರರೇ, ದಾರಿಯಲ್ಲಿ ಕುಳಿತುಕೊಳ್ಳುವವರೂ ದಾರಿಯ ಹಕ್ಕನ್ನು ಕೊಡಬೇಕೆಂದು ಪ್ರವಾದಿ(ಸ)ರು ಆದೇಶಿಸಿದ್ದಾರೆ. ದೃಷ್ಟಿ ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು ಆ ಹಕ್ಕಿನಲ್ಲಿ ಸೇರಿವೆ. ಕುಳಿತವನಿಗೇ ಇಷ್ಟು ಹೊಣೆಯಿದ್ದರೆ ಚಕ್ರದ ಮೇಲೆ ಹೋಗುವವನಿಗೆ ಎಷ್ಟಿರಬೇಡ? ಇಂದು ನಮಾಝ್ ಮುಗಿಸಿ ಹೊರಗೆ ಹೋದಾಗ ನಿಮ್ಮ ಗಾಡಿ ಯಾರ ಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದೆಯೆಂದು ಒಮ್ಮೆ ನೋಡಿ. ದಾರಿಯಿಂದ ತೊಂದರೆಯನ್ನು ಸರಿಸುವುದು ಈಮಾನಿನ ಒಂದು ಶಾಖೆ. ನಾವೇ ಆ ತೊಂದರೆಯಾಗಿ ನಿಂತರೆ ಹೇಗೆ?

ಯುವಕರೇ, ಇಷ್ಟು ಮಾಡಿ. ನಡೆಯುವವರು ಕಂಡರೆ ದೂರದಿಂದಲೇ ವೇಗ ತಗ್ಗಿಸಿ. "ಅಜ್ಜಾ, ಬಲಗಡೆಯಿಂದ ಹೋಗ್ತೀನಿ" ಎಂದು ಮೆಲ್ಲಗೆ ಹೇಳಿ. ಅವರು ತಿರುಗಿ ನೋಡುವವರೆಗೆ ಕಾಯಿರಿ. ದಾರಿ ಇಕ್ಕಟ್ಟಾಗಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಸಾಲಾಗಿ ಹೋಗಿ, ದಾರಿ ತುಂಬಿಕೊಂಡು ಹೋಗಬೇಡಿ. ಒಳ್ಳೆಯ ಮಾತೂ ಸದಕಾ ಎಂದು ಕಲಿತಿದ್ದೀರಿ. ಖರ್ಚಿಲ್ಲದ ಈ ಸದಕಾವನ್ನು ದಿನವೂ ಕೊಡಬಹುದು.

ಆ ಹುಡುಗರು ಮೊನ್ನೆ ಅಜ್ಜನವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದಾರೆ. ಅಜ್ಜನವರು ಚಹಾ ಕೊಟ್ಟು, "ಇನ್ಮೇಲೆ ದೂರದಿಂದಲೇ ಒಂದು ಕೂಗು ಹಾಕಿ, ಅಷ್ಟು ಸಾಕು" ಎಂದರಂತೆ.

ಅಲ್ಲಾಹನು ನಮ್ಮ ನಡಿಗೆಯಲ್ಲಿ ವಿನಯವನ್ನೂ ನಮ್ಮ ಸವಾರಿಯಲ್ಲಿ ಕರುಣೆಯನ್ನೂ ಕರುಣಿಸಲಿ. ನಮ್ಮಿಂದ ದಾರಿಯಲ್ಲಿ ನೊಂದವರಿಂದ ಕ್ಷಮೆ ಕೇಳುವ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೀನ್.