ಮಕ್ಕಳ ಉಸಿರು ಮತ್ತು ಶ್ವಾಸಚಿಕಿತ್ಸಕರ ಕಾಯಕ



ಉಸಿರಿನ ಬೆಲೆಯೇನೆಂಬುದನ್ನು ಕೋಲಾರ ಸೀಮೆಗೆ ಹೊಸದಾಗಿ ಹೇಳಬೇಕಾದುದಿಲ್ಲ. 2001ರಲ್ಲಿ ಮುಚ್ಚಿದ ಇಲ್ಲಿಯ ಚಿನ್ನದ ಗಣಿಗಳಲ್ಲಿ ಕಲ್ಲುಧೂಳು ಎದೆಯನ್ನು ಹೊಕ್ಕು, ಸಿಲಿಕೋಸಿಸ್ ರೋಗದಿಂದ ಏದುಸಿರು ಬಿಟ್ಟ ಕೂಲಿಕಾರರು ಅನೇಕರು. ಬೆಳೆದವರು ತಮ್ಮ ಸಂಕಟವನ್ನು ಬಾಯಿಬಿಟ್ಟು ಹೇಳಬಲ್ಲರು, ಹಸುಗೂಸು ಹೇಳಲಾರದು. ಅದರ ಉಸಿರನ್ನು ಎಚ್ಚತ್ತು ಕಾಯುವವರು ಬೇಕು.

1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೊ ಜಾಡ್ಯವು ಹಬ್ಬಿ, ಉಸಿರಾಡುವ ಶಕ್ತಿಯುಡುಗಿದ ರೋಗಿಗಳು ಆಸ್ಪತ್ರೆಯನ್ನು ತುಂಬಿದರು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ರೋಗಿಯ ಶ್ವಾಸನಾಳದಲ್ಲಿ ಕೊಳವೆಯನ್ನಿರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಅಮುಕಿ ಗಾಳಿಯೂಡುವ ಉಪಾಯವನ್ನು ಹನ್ನೆರಡು ವರ್ಷದ ಬಾಲಿಕೆಯೊಬ್ಬಳಲ್ಲಿ ಪ್ರಯೋಗಿಸಿ ಆಕೆಯನ್ನು ಬದುಕಿಸಿದರು. ಬಳಿಕ ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ರೋಗಿಗಳ ಬಳಿ ಕುಳಿತು ಚೀಲವನ್ನು ಅಮುಕಿದರು. ವೈದ್ಯರ ಬುದ್ಧಿಯೊಂದೇ ಸಾಲದು, ಹಾಸಿಗೆಯ ಬಳಿ ಬಿಡದೆ ಇರುವ ಕೈಯೂ ಬೇಕೆಂಬುದು ಅಂದು ಸಿದ್ಧವಾಯಿತು.

ಈಗ ಆ ಕೆಲಸವನ್ನು ವೆಂಟಿಲೇಟರ್ ಯಂತ್ರವು ಮಾಡುತ್ತದೆ. ಅದರ ಬಳಿ ಇರತಕ್ಕವರು ಅದಕ್ಕಾಗಿಯೇ ಶಿಕ್ಷಣ ಪಡೆದ ಶ್ವಾಸಚಿಕಿತ್ಸಕರು. ಕೊಳವೆಯು ಅಗತ್ಯಕ್ಕಿಂತ ಹೆಚ್ಚು ಹೊತ್ತು ಇದ್ದರೆ ಸೋಂಕು ತಗಲಬಹುದು, ಉಸಿರಾಟದ ಸ್ನಾಯುಗಳು ಸೊರಗಬಹುದು. ಅಕಾಲದಲ್ಲಿ ತೆಗೆದರೆ ಮಗುವು ಬಳಲಿ ಅದನ್ನು ಮತ್ತೆ ಇಡಬೇಕಾದೀತು. ಆದುದರಿಂದ ವೈದ್ಯರು ಒಂದು ಕ್ರಮವನ್ನು ಮುಂಚಿತವಾಗಿ ಬರೆದಿಡುವರು. ಮಗುವಿಗೆ ಎಚ್ಚರವಿದೆಯೆ, ಅದು ಕೆಮ್ಮಬಲ್ಲುದೆ, ಆಮ್ಲಜನಕವನ್ನು ತಗ್ಗಿಸಿದರೆ ತಾಳಬಲ್ಲುದೆ ಎಂದು ಚಿಕಿತ್ಸಕರು ಪ್ರತಿದಿನವೂ ನೋಡತಕ್ಕದ್ದು. ತಾಳಿದರೆ ಯಂತ್ರದ ನೆರವನ್ನು ಇಳಿಸಿ ಪರೀಕ್ಷಿಸತಕ್ಕದ್ದು. ಬರೆದ ಮೇರೆ ಮೀರಿದರೆ ಕೂಡಲೇ ವೈದ್ಯರನ್ನು ಕರೆಯತಕ್ಕದ್ದು.

ವೈದ್ಯರು ಎದುರಿಗಿಲ್ಲದೆ ಯಂತ್ರವನ್ನು ಮುಟ್ಟಬಹುದೆ ಎಂದು ಹೆತ್ತವರು ಶಂಕಿಸುವುದು ಸಹಜವೇ. ಆದರೆ ಇದು ಸ್ವೇಚ್ಛೆಯಲ್ಲ. ವೈದ್ಯರ ಆಜ್ಞೆಯೇ ಬರಹದ ರೂಪದಲ್ಲಿ ಹಾಸಿಗೆಯ ಬಳಿ ನಿಂತಿರುವುದು.

ಇದರ ಫಲವನ್ನು ಹೆಚ್ಚಿಸಿ ಹೇಳಬಾರದು. 2002ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಮಕ್ಕಳ ಪರೀಕ್ಷೆಯೊಂದರಲ್ಲಿ ಇಂಥ ಕ್ರಮದಿಂದ ವಿಶೇಷ ಲಾಭವು ಕಾಣಲಿಲ್ಲ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ, ದಾದಿಯರೂ ಕೂಡಿ ನಡೆಸಿದ ಕ್ರಮದಿಂದ ಕೊಳವೆಯ ಅವಧಿಯು ಸುಮಾರು 6 ಗಂಟೆ ತಗ್ಗಿತು. ಕೊಳವೆಯೊಡನೆ ಸೆಣಸುವ ಕೂಸಿಗೂ ಬಾಗಿಲಲ್ಲಿ ಕಾದು ನಿಂತ ತಾಯಿಗೂ ಆ 6 ಗಂಟೆಗಳು ಅಲ್ಪವಲ್ಲ.

ಕೋಲಾರದ ಟಮಕದಲ್ಲಿ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾಯಿತು. ಆದರೆ ಆಸ್ಪತ್ರೆಯು ಎಷ್ಟು ದೊಡ್ಡದಾದರೇನು, ಮುಳಬಾಗಿಲು ಶ್ರೀನಿವಾಸಪುರಗಳ ಹಳ್ಳಿಯ ಕೂಸು ಸಕಾಲದಲ್ಲಿ ಅದನ್ನು ಮುಟ್ಟಬೇಡವೆ? ಕೆಮ್ಮುವ ಮಗುವು ಸುಮ್ಮನಿರುವಾಗ ಅದರ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, 5 ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕೂ ಮೇಲ್ಪಟ್ಟರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಪಕ್ಕೆಯ ಕೆಳಗೆ ಎದೆಯು ಒಳಸೆಳೆದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯಲಾಗದು.

ಎಣಿಸುವ ತಾಯಿ, ಗಾಡಿ ಕೊಡುವ ನೆರೆಯವನು, ಕ್ರಮವನ್ನು ಬರೆದ ವೈದ್ಯರು, ಅದನ್ನು ತಪ್ಪದೆ ನಡೆಸುವ ಚಿಕಿತ್ಸಕರು, ಇವರೆಲ್ಲರದೂ ಒಂದೇ ಕಾಯಕ. ಇವರಲ್ಲಿ ಒಬ್ಬರು ಎಚ್ಚರ ತಪ್ಪಿದರೂ ಉಳಿದವರ ಶ್ರಮವು ವ್ಯರ್ಥವಾದೀತು. ಎಲ್ಲರೂ ಎಚ್ಚತ್ತಿದ್ದರೆ ಕೂಸು ಮನೆಗೆ ಮರಳೀತು.