ಬಿರುಗಾಳಿಯಲ್ಲಿ ಪುಟ್ಟ ವಿಮಾನ ಇಳಿಸುವ ಬಗೆ



2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಆವತಿಯವರಿಗೆ ವಿಮಾನದ ಸದ್ದು ಹೊಸದಲ್ಲ. ಆದರೆ ಪೈಲಟ್ ಆಗಬಯಸುವವರು ಮೊದಲು ಕೈ ಪಳಗಿಸಿಕೊಳ್ಳುವುದು ಜಕ್ಕೂರಿನಂಥ ತರಬೇತಿ ಶಾಲೆಯ ಪುಟ್ಟ ಸೆಸ್ನಾಗಳಲ್ಲಿ. ಎರಡು ಸೀಟಿನ ಸೆಸ್ನಾ 152, ಜನ ಮತ್ತು ಇಂಧನ ಸೇರಿದರೂ 760 ಕಿಲೋ ಮೀರುವಂತಿಲ್ಲ. ನಮ್ಮ ಆಷಾಢದ ಗಾಳಿಗೆ ಅದು ಯಾವ ಲೆಕ್ಕ!

ಒಂದೇ ಸಮನೆ ಬೀಸುವ ಗಾಳಿ ಅಷ್ಟಾಗಿ ಕಾಡದು. ರಭಸದಿಂದ ಎದುರು ಬೀಸಿದ ಗಾಳಿ ತಟ್ಟನೆ ತಗ್ಗಿದರೆ ರೆಕ್ಕೆಗೆ ಆಸರೆ ತಪ್ಪಿ ವಿಮಾನ ಕುಸಿಯುತ್ತದೆ. ಅದಕ್ಕೇ ಪೈಲಟ್‌ಗಳು ಸ್ವಲ್ಪ ಹೆಚ್ಚು ವೇಗ ಇಟ್ಟುಕೊಳ್ಳುತ್ತಾರೆ. ಗಾಳಿ 10 ನಾಟ್‌ನಿಂದ 20ಕ್ಕೆ ಏರುತ್ತಿದ್ದರೆ ವ್ಯತ್ಯಾಸದ ಅರ್ಧ, ಅಂದರೆ 5 ನಾಟ್. ಅತಿಯಾದರೂ ಕಷ್ಟವೇ; ವಿಮಾನ ನೆಲ ಮುಟ್ಟದೆ ತೇಲುತ್ತಾ ರನ್‌ವೇ ಮುಗಿದುಹೋಗುತ್ತದೆ. ಅಡ್ಡಗಾಳಿಯಿದ್ದರೆ ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ರಡ್ಡರ್‌ನಿಂದ ಮೂತಿಯನ್ನು ನೇರ ಹಿಡಿಯಬೇಕು. ಚಕ್ರ ನೆಲಕ್ಕೆ ತಾಗಿದ ಮೇಲೂ ಹಿಡಿತ ಬಿಡುವಂತಿಲ್ಲ.

ಇಷ್ಟಾದರೂ ಹೊಂದದಿದ್ದರೆ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮೇಲೇರಿ, ಸುತ್ತು ಹಾಕಿ ಮತ್ತೆ ಬರಬೇಕು. ಇದೇ 'ಗೋ ಅರೌಂಡ್'. ಹೊಸಬರಿಗೆ ಇದು ಸೋಲೆನಿಸುತ್ತದೆ, ಹಳಬರಿಗೂ ಕೆಲವೊಮ್ಮೆ. 2010ರ ಮೇ 22ರಂದು ಮಂಗಳೂರಿನಲ್ಲಿ ಕಾಡಿದ್ದು ಗಾಳಿಯಲ್ಲ. ದುಬೈಯಿಂದ ಬಂದ ವಿಮಾನ ತೀರಾ ಎತ್ತರದಿಂದ, ಅತಿ ವೇಗದಲ್ಲಿ ಇಳಿಯತೊಡಗಿತ್ತು. 'ಗೋ ಅರೌಂಡ್' ಎಂದು ಸಹಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ನೆಲ ಮುಟ್ಟಿದ ಮೇಲೆ ಮತ್ತೆ ಮೇಲೇರಲು ನೋಡಿದರು. ಅಷ್ಟರಲ್ಲಿ ರನ್‌ವೇ ಮುಗಿದಿತ್ತು. 158 ಮಂದಿ ಪ್ರಾಣ ಕಳೆದುಕೊಂಡರು.