ಕಾರಿನ ಮೀಟರ್ ಕೆಟ್ಟಿದೆಯಾ? ಬದಲಿಸೋ ಮುಂಚೆ ಇದನ್ನ ಕೇಳಿ

ಇವತ್ತಿನ ಸಂಚಿಕೆ ಹಳೇ ಕಾರು ಇಟ್ಕೊಂಡಿರೋರಿಗೆ, ಮತ್ತೆ ಮೊದಲ ಕಾರು ಅಂತ ಸೆಕೆಂಡ್ ಹ್ಯಾಂಡ್ ಹುಡುಕ್ತಾ ಇರೋರಿಗೆ. ವಿಷಯ, ಸ್ಟೀರಿಂಗ್ ಹಿಂದೆ ಕಾಣೋ ಮೀಟರ್ ಬೋರ್ಡ್. ಕಂಪನಿ ಪುಸ್ತಕದಲ್ಲಿ ಅದಕ್ಕೆ ಇನ್‌ಸ್ಟ್ರುಮೆಂಟ್ ಕ್ಲಸ್ಟರ್ ಅಂತ ಹೆಸರು. ಗ್ಯಾರೇಜಿನಲ್ಲಿ ಎಲ್ಲರೂ ಕರೆಯೋದು ಮೀಟರ್ ಅಂತಲೇ. ನಾನೂ ಹಾಗೇ ಕರೀತೀನಿ.

ಈ ಮೀಟರ್ ಎರಡು ಕೆಲಸ ಮಾಡುತ್ತೆ. ಒಂದು, ಕಾರು ಈ ಕ್ಷಣ ಹೇಗಿದೆ ಅಂತ ಹೇಳೋದು. ವೇಗ ಎಷ್ಟು, ಪೆಟ್ರೋಲ್ ಎಷ್ಟಿದೆ, ಎಂಜಿನ್ ಬಿಸಿ ಆಗ್ತಿದೆಯಾ ಅನ್ನೋದೆಲ್ಲ. ಎರಡು, ಕಾರು ಹುಟ್ಟಿದಾಗಿನಿಂದ ಎಷ್ಟು ಓಡಿದೆ ಅಂತ ನೆನಪಿಟ್ಟುಕೊಳ್ಳೋದು. ಮೊದಲನೇದು ಕೆಟ್ಟರೆ ಅದು ರಿಪೇರಿ ವಿಷಯ, ಹಲವು ಸಲ ಸಣ್ಣ ಖರ್ಚಿನಲ್ಲೇ ಮುಗಿಯುತ್ತೆ. ಆದರೆ ಇಡೀ ಮೀಟರ್ ಬದಲಾಯಿಸಿದರೆ ಕಾರಿನ ನೆನಪೇ ಬದಲಾಗುತ್ತೆ. ಆಗ ಅದು ನಂಬಿಕೆ ವಿಷಯ. ಎರಡನ್ನೂ ಒಂದೊಂದಾಗಿ ನೋಡೋಣ.

ಮೊದಲು ಅದು ಕೆಲಸ ಮಾಡೋ ರೀತಿ. ಹಳೇ ಕಾರುಗಳಲ್ಲಿ ಗೇರ್ ಬಾಕ್ಸ್‌ನಿಂದ ಮೀಟರ್‌ಗೆ ಒಂದು ಕೇಬಲ್ ಬರುತ್ತೆ. ಚಕ್ರ ತಿರುಗಿದ ಹಾಗೆ ಕೇಬಲ್ಲೂ ತಿರುಗುತ್ತೆ. ಅದರ ತುದಿಯಲ್ಲೊಂದು ಅಯಸ್ಕಾಂತ. ಅದರ ಸುತ್ತ, ಆದರೆ ಅದಕ್ಕೆ ತಾಗದ ಹಾಗೆ, ಅಲ್ಯೂಮಿನಿಯಂನ ಒಂದು ಪುಟ್ಟ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನೂ ಜೊತೆಗೆ ಎಳೆಯುತ್ತೆ. ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಅದನ್ನ ಹಿಂದಕ್ಕೆ ಎಳೆಯುತ್ತೆ. ಈ ಎರಡು ಎಳೆತದ ನಡುವೆ ಮುಳ್ಳು ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ವೇಗ. ಜರ್ಮನಿಯ ಒಟ್ಟೊ ಶುಲ್ಜ್ ಇದಕ್ಕೆ ಪೇಟೆಂಟ್ ತಗೊಂಡಿದ್ದು 1902ರಲ್ಲಿ. ಹೆಚ್ಚುಕಮ್ಮಿ ಒಂದು ಶತಮಾನ ಇದೇ ತಂತ್ರದಲ್ಲಿ ಕಾರು, ಬೈಕು ಎಲ್ಲ ಓಡಿದವು.

ಆಮೇಲೆ ಬಂದಿದ್ದು ಎಲೆಕ್ಟ್ರಾನಿಕ್ ಮೀಟರ್. ಕೇಬಲ್ ಜಾಗದಲ್ಲಿ ಸೆನ್ಸರ್. ಮುಳ್ಳು ತಿರುಗಿಸೋದಕ್ಕೆ ಬೆರಳ ತುದಿ ಗಾತ್ರದ ಸ್ಟೆಪ್ಪರ್ ಮೋಟರ್. ಓಡಿದ ಕಿಲೋಮೀಟರ್ ಲೆಕ್ಕ ಇಡೋದು ಎಂಟು ಕಾಲಿನ ಒಂದು ಸಣ್ಣ ಮೆಮೊರಿ ಚಿಪ್. ಬ್ಯಾಟರಿ ಕಿತ್ತರೂ ಆ ಲೆಕ್ಕ ಅಳಿಯಲ್ಲ. ಈ ಚಿಪ್ಪನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಇದರ ಕಥೆ ಇದೆ.

ಈಗ ಕೆಟ್ಟಾಗ ಏನ್ ಮಾಡೋದು? ಯಾರೋ ‘ಮೀಟರ್ ಹೋಗಿದೆ, ಬದಲಾಯಿಸಬೇಕು’ ಅಂದ ತಕ್ಷಣ ತಲೆ ಆಡಿಸಬೇಡಿ. ಏನು ನಿಂತಿದೆ, ಏನು ನಡೀತಿದೆ ಅಂತ ಸ್ವಲ್ಪ ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ವೇಗದ ಮುಳ್ಳೂ ಏಳ್ತಿಲ್ಲ, ಕಿಲೋಮೀಟರೂ ಏರ್ತಿಲ್ಲ ಅಂದ್ರೆ, ಮೊದಲ ಅನುಮಾನ ಮೀಟರ್ ಮೇಲಲ್ಲ. ಕೇಬಲ್ ತುಂಡಾಗಿರಬಹುದು, ಅಥವಾ ಗೇರ್ ಬಾಕ್ಸ್ ಹತ್ತಿರದ ಸ್ಪೀಡ್ ಸೆನ್ಸರ್ ಹೋಗಿರಬಹುದು. ವೇಗ ತೋರಿಸ್ತಿದೆ, ಆದರೆ ಅಂಕಿಯ ಚಕ್ರ ಮಾತ್ರ ನಿಂತಿದೆ ಅಂದ್ರೆ, ಒಳಗಿನ ಪ್ಲಾಸ್ಟಿಕ್ ಗೇರ್‌ನ ಹಲ್ಲು ಮುರಿದಿರೋ ಸಾಧ್ಯತೆ ಜಾಸ್ತಿ. ಎಲೆಕ್ಟ್ರಾನಿಕ್ ಮೀಟರಲ್ಲಿ ಕಿಲೋಮೀಟರ್ ಏರ್ತಿದೆ, ಮುಳ್ಳು ಮಾತ್ರ ತಪ್ಪು ಜಾಗದಲ್ಲಿ ಅಂಟಿಕೊಂಡಿದೆ ಅಂದ್ರೆ ಆ ಒಂದು ಸ್ಟೆಪ್ಪರ್ ಮೋಟರ್ ನೋಡಿಸಿ. ಪೆಟ್ರೋಲ್ ಮುಳ್ಳು ಒಂದೇ ಸುಳ್ಳು ಹೇಳ್ತಿದ್ರೆ, ಟ್ಯಾಂಕಿನೊಳಗಿನ ಫ್ಲೋಟ್ ಮೊದಲು ಪರೀಕ್ಷೆ ಮಾಡಿಸಿ.

ಇಡೀ ಮೀಟರ್ ಒಮ್ಮೊಮ್ಮೆ ಕಣ್ಣು ಮುಚ್ಚುತ್ತೆ, ಹಂಪ್ ಹಾರಿದ ಕೂಡ್ಲೇ ಮತ್ತೆ ಬರುತ್ತೆ. ಇದು ಹಳೇ ಕಾರಿನ ಕ್ಲಾಸಿಕ್ ಕಾಯಿಲೆ. ಫ್ಯೂಸ್, ಹಿಂದಿನ ಕನೆಕ್ಟರ್, ಅರ್ಥಿಂಗ್ ವೈರ್ ಈ ಮೂರನ್ನ ಮೊದಲು ನೋಡಬೇಕು. ಅಲ್ಲೆಲ್ಲ ಸರಿ ಇದ್ರೆ ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿರಬಹುದು. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದ್ದೀರಲ್ಲ? ವರ್ಷಗಟ್ಟಲೆ ಹಗಲು ಕಾಯೋದು, ರಾತ್ರಿ ತಣಿಯೋದು, ಮೇಲಿಂದ ನಮ್ಮ ರಸ್ತೆಯ ಕುಲುಕಾಟ. ಬೆಸುಗೆಗೂ ಒಂದು ಮಿತಿ ಇರುತ್ತಲ್ವಾ? ಒಳ್ಳೆ ಕೈ ಇರೋ ಆಟೋ ಎಲೆಕ್ಟ್ರಿಷಿಯನ್, ಇಲ್ಲಾ ಬೋರ್ಡ್ ರಿಪೇರಿ ಮಾಡೋರು, ಆ ಜಾಗಕ್ಕೆ ಮತ್ತೆ ಬೆಸುಗೆ ಹಾಕಿದ್ರೆ ಮೀಟರ್ ಎದ್ದು ಕೂರುತ್ತೆ.

ಒಂದು ಎಚ್ಚರಿಕೆ. ರಿಪೇರಿ ಆಗೋವರೆಗೆ ‘ಮೊಬೈಲ್‌ನಲ್ಲಿ ಜಿಪಿಎಸ್ ಇದೆ, ವೇಗ ಗೊತ್ತಾಗುತ್ತೆ’ ಅಂತ ಊರಿಗೆ ಹೊರಡಬೇಡಿ. ಜಿಪಿಎಸ್ ವೇಗ ಹೇಳುತ್ತೆ, ಆದರೆ ಎಂಜಿನ್ ಆಯಿಲ್ ಒತ್ತಡ ಇಳಿದಿದ್ದನ್ನ ಹೇಳಲ್ಲ. ರೇಡಿಯೇಟರ್ ನೀರು ಕುದೀತಿರೋದನ್ನೂ ಹೇಳಲ್ಲ. ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಸತ್ತಿದ್ರೆ, ನಿಮಗೆ ವಿಷಯ ಗೊತ್ತಾಗೋದು ಬಾನೆಟ್‌ನಿಂದ ಹಬೆ ಬಂದಾಗ. ಅಷ್ಟೊತ್ತಿಗೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗಿನ ಖರ್ಚಿನ ಮುಂದೆ ಮೀಟರ್ ರಿಪೇರಿ ಏನೂ ಅಲ್ಲ.

ನೀವೇ ಬಿಚ್ಚಿ ನೋಡ್ತೀರಾ? ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ತೆಗೀರಿ. ಏರ್‌ಬ್ಯಾಗ್ ಇರೋ ಕಾರಾದ್ರೆ ಸ್ಟೀರಿಂಗ್ ತಂಟೆಗೆ ಹೋಗಬೇಡಿ. ಮೀಟರ್‌ನ ಮುಳ್ಳನ್ನ ಮಾತ್ರ ಎಳೀಬೇಡಿ. ಅದು ಕೂತಿರೋ ಕೋನ ಸ್ವಲ್ಪ ತಪ್ಪಿದ್ರೂ 60ರಲ್ಲಿ ಹೋಗ್ತಿರೋ ಕಾರು 50 ಅಂತ ತೋರಿಸಬಹುದು. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸೋ ಹಾಗಿಲ್ಲ. ಕೈ ಹಾಕಿದ ಮೇಲೆ ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು, ಅವರ ಫೋನಿನ ಜಿಪಿಎಸ್ ಜೊತೆ ಮೀಟರ್ ಹೋಲಿಸಿ ನೋಡಿ.

ಸರಿ, ರಿಪೇರಿ ಆಗಲ್ಲ ಅಂತ ಖಚಿತ ಆಯ್ತು. ಈಗ ಬದಲಿ. ಹಳೇ ಮಾಡೆಲ್‌ಗಳಿಗೆ ಹೊಸ ಮೀಟರ್ ಸಿಗೋದು ಕಷ್ಟ. ಬೆಂಗಳೂರಿನೋರು ಮೊದಲು ಜೆ.ಸಿ. ರಸ್ತೆಗೆ ಹೋಗ್ತಾರೆ, ಅಲ್ಲಿ ಇಲ್ಲ ಅಂದ್ರೆ ಶಿವಾಜಿನಗರದ ಗುಜರಿ. ಅಲ್ಲಿ ಬಿಚ್ಚಿದ ಕಾರಿನ ಮೀಟರ್ ಸಿಕ್ಕರೂ ‘ನೋಡೋಕೆ ಒಂದೇ ಥರ ಇದೆ’ ಅನ್ನೋದು ಸಾಲದು. ಪೆಟ್ರೋಲ್ ಕಾರಿಂದಾ, ಡೀಸೆಲ್ ಕಾರಿಂದಾ? ನಿಮ್ಮ ಕಾರಲ್ಲಿ ಎಬಿಎಸ್, ಏರ್‌ಬ್ಯಾಗ್ ಇದ್ರೆ ಅದರ ಲೈಟ್ ಈ ಮೀಟರಲ್ಲೂ ಇದೆಯಾ? ಹಿಂದಿರೋ ಪಾರ್ಟ್ ನಂಬರ್ ಒಂದೇನಾ? ಕನೆಕ್ಟರ್ ಕೂತರೂ ಒಳಗಿನ ಪಿನ್ನುಗಳ ಕೆಲಸ ಬೇರೆ ಇರಬಹುದು.

ಇನ್ನೆರಡು ಸೂಕ್ಷ್ಮ ಇವೆ. ಕೆಲವು ಕಾರುಗಳಲ್ಲಿ, ಉದಾಹರಣೆಗೆ ಒಂದು ಕಾಲದ ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ, ಕಳ್ಳತನ ತಡೆಯೋ ಇಮೊಬಿಲೈಸರ್ ಮೀಟರ್ ಒಳಗೇ ಇರುತ್ತೆ. ಬೇರೆ ಕಾರಿನ ಮೀಟರ್ ಹಾಕಿದ್ರೆ ಎಂಜಿನ್ ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಲ್ಲಿ ನಿಂತು ಹೋಗುತ್ತೆ. ಕೀ ಮತ್ತೆ ಹೊಂದಿಸಬೇಕು. ಇನ್ನೊಂದು, ಹಲವು ಹಳೇ ಕಾರುಗಳಲ್ಲಿ ಮೀಟರಿನ ಬ್ಯಾಟರಿ ಲೈಟ್ ಬರೀ ಲೈಟಲ್ಲ. ಆಲ್ಟರ್ನೇಟರ್ ಕೆಲಸ ಶುರು ಮಾಡೋದಕ್ಕೆ ಬೇಕಾದ ಸಣ್ಣ ಕರೆಂಟ್ ಅದೇ ಬಲ್ಬಿನ ಮೂಲಕ ಹೋಗುತ್ತೆ. ಆ ಬಲ್ಬ್ ಇಲ್ಲಾಂದ್ರೆ ಚಾರ್ಜೇ ಆಗದೆ ಇರಬಹುದು.

ಈಗ ಆ ಎಂಟು ಕಾಲಿನ ಚಿಪ್‌ಗೆ ಬರ್ತೀನಿ. ನಮ್ಮಪ್ಪನ ಕಾರು 2006ರದ್ದು. ಒಂದು ಮಳೆಗಾಲ ಮುಂದಿನ ಗಾಜಿನ ರಬ್ಬರ್ ಸಂದಿಯಿಂದ ನೀರು ಇಳಿದು ಮೀಟರ್ ಬೋರ್ಡ್ ತುಕ್ಕು ಹಿಡಿದಿತ್ತು. ಬೆಸುಗೆಗೆ ಬಗ್ಗೋ ಸ್ಥಿತಿಯಲ್ಲಿ ಇರಲಿಲ್ಲ. ಒಂದು ಗುಜರಿ ಅಂಗಡಿಯಲ್ಲಿ ಅದೇ ಮಾಡೆಲಿನ ಮೀಟರ್ ಸಿಕ್ತು. ನಮ್ಮ ಕಾರು ಓಡಿದ್ದು 1,26,000 ಕಿಲೋಮೀಟರ್. ಆ ಮೀಟರಲ್ಲಿ ಇದ್ದಿದ್ದು 61,000. ಅಂಗಡಿಯವನು ನಗ್ತಾ ಹೇಳಿದ, ‘ಸಾರ್, ನಿಮ್ ಗಾಡಿಗೆ ಅರ್ಧ ವಯಸ್ಸು ಕಮ್ಮಿ ಆಯ್ತು. ಮಾರುವಾಗ ಒಳ್ಳೆ ರೇಟ್ ಬರುತ್ತೆ.’ ಅಪ್ಪ ಅಂದ್ರು, ‘ಅದು ಬೇರೆಯವರ ಲೆಕ್ಕ ಕಣಪ್ಪ. ನಂದು ನನಗೆ ಇರ್ಲಿ.’

ಎಲೆಕ್ಟ್ರಿಷಿಯನ್ ಹಳೇ ಬೋರ್ಡಿನ ಚಿಪ್ ತೆಗೆದು ಹೊಸ ಬೋರ್ಡಿಗೆ ಕೂರಿಸಿದ್ರು. ಕೀ ತಿರುಗಿಸಿದಾಗ 1,26,000 ಮತ್ತೆ ಬಂತು. ಅಪ್ಪ ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್, ‘ಮೀಟರ್ ಬದಲಿಸಲಾಗಿದೆ’ ಅಂತ ಬರೆಸಿಕೊಂಡ್ರು.

ಚಿಪ್ ಬದಲಿಸೋ ಈ ವಿದ್ಯೆಯಲ್ಲಿ ತಪ್ಪೇನಿಲ್ಲ. ಆದರೆ ಅದೇ ಕೈ, ಅದೇ ಮೆಷೀನ್ ಬಳಸಿ ಕಿಲೋಮೀಟರ್ ಇಳಿಸೋದೂ ಆಗುತ್ತೆ. ‘ಒಂದು ಅಂಕಿ ತಾನೇ’ ಅಂತ ಅನಿಸಬಹುದು. ಟೈಮಿಂಗ್ ಬೆಲ್ಟ್ ಉದಾಹರಣೆ ತಗೊಳ್ಳಿ. ನಿಮ್ಮ ಕಾರಿನ ಬೆಲ್ಟ್ ಲಕ್ಷ ಕಿಲೋಮೀಟರ್‌ಗೆ ಬದಲಿಸಬೇಕು ಅಂದ್ಕೊಳ್ಳಿ. ಮೀಟರ್ 61,000 ಅಂತಿದೆ, ನೀವು ‘ಇನ್ನೂ ಟೈಮ್ ಇದೆ’ ಅಂತ ಸುಮ್ಮನಿರ್ತೀರಿ. ಬೆಲ್ಟ್ ಮಾತ್ರ ನಿಜವಾದ ಕಿಲೋಮೀಟರನ್ನೇ ಓಡಿರುತ್ತೆ. ಒಂದು ದಿನ ಹೈವೇಯಲ್ಲಿ ಅದು ತುಂಡಾದ್ರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ. ಆ ಬಿಲ್ ಕಟ್ಟೋದು ಅಂಕಿ ತಿದ್ದಿದವನಲ್ಲ, ಸಾಲ ಮಾಡಿ ಮೊದಲ ಕಾರು ತಗೊಂಡ ಹುಡುಗನೋ ಹುಡುಗಿಯೋ.

ಬೇರೆ ಕಡೆ ಇದಕ್ಕೆ ಏನು ಮಾಡಿದ್ದಾರೆ? ಅಮೆರಿಕದಲ್ಲಿ 1972ರಿಂದ ಓಡೋಮೀಟರ್ ತಿದ್ದೋದರ ವಿರುದ್ಧ ಫೆಡರಲ್ ಕಾನೂನಿದೆ. ಮೀಟರ್ ರಿಪೇರಿ ಮಾಡಿದಾಗ ಅಥವಾ ಬದಲಿಸಿದಾಗ ಹಳೇ ಅಂಕಿ ಉಳಿಸೋದಕ್ಕೆ ಆಗಲಿಲ್ಲ ಅಂದ್ರೆ, ಸೊನ್ನೆಗೆ ತರಬೇಕು. ಹಳೇ ಅಂಕಿ ಎಷ್ಟಿತ್ತು, ಯಾವತ್ತು ಬದಲಾಯ್ತು ಅಂತ ಬರೆದು ಎಡಗಡೆ ಬಾಗಿಲ ಚೌಕಟ್ಟಿಗೆ ಅಂಟಿಸಬೇಕು. ಬ್ರಿಟನ್‌ನಲ್ಲಿ ವಾಹನ ಪರೀಕ್ಷೆ ಆದಾಗೆಲ್ಲ ಮೀಟರ್ ಅಂಕಿ ದಾಖಲಾಗುತ್ತೆ, ಸರ್ಕಾರದ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ, ಹಳೇ ಕಾರು ಮಾರೋರು ಕಾರ್-ಪಾಸ್ ಅನ್ನೋ ಕಿಲೋಮೀಟರ್ ಚರಿತ್ರೆ ಕೊಡಬೇಕು.

ನಮ್ಮಲ್ಲಿ ಕಿಲೋಮೀಟರ್ ಇಳಿಸಿ, ಅದನ್ನ ಮುಚ್ಚಿಟ್ಟು ಮಾರಿದ್ರೆ ವಂಚನೆ ಅಂತ ದೂರು ಕೊಡಬಹುದು. ಹಿಂದೆ ಎಲ್ಲರ ಬಾಯಲ್ಲಿದ್ದ ಫೋರ್ ಟ್ವೆಂಟಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಆದರೆ ದೂರಿಗೆ ಸಾಕ್ಷಿ ಬೇಕು. ಸಾಕ್ಷಿ ಅಂದ್ರೆ ಕಾಗದ. ಅದಕ್ಕೇ ಮೀಟರ್ ಬದಲಿಸೋ ಮುಂಚೆ ಅಂಕಿಯ ಫೋಟೋ ತೆಗೀರಿ, ಬದಲಿಸಿದ ಮೇಲೂ ತೆಗೀರಿ. ಬಿಲ್ಲಿನಲ್ಲಿ ಎರಡೂ ಅಂಕಿ ಬರೆಸಿ. ಚಿಪ್ ವರ್ಗಾಯಿಸೋದಕ್ಕೆ ಆಗದೆ ಬೇರೆ ಅಂಕಿ ಬಂದಿದ್ರೆ ಅಮೆರಿಕದ ಹಾಗೆ ಒಂದು ಚೀಟಿ ಬಾಗಿಲಿಗೆ ಅಂಟಿಸಿ. ಕಾನೂನು ಕೇಳದಿದ್ದರೂ ಅಂಟಿಸಿ. ಮಾರುವಾಗ ಬಾಯಿಮಾತಲ್ಲಿ ಹೇಳಿದ್ರೆ ಸಾಲದು, ಬರೆದು ಕೊಡಿ.

ಕೊಳ್ಳೋರಿಗೆ ಒಂದೆರಡು ಮಾತು. ಮೀಟರ್ 40,000 ಅಂತಿದೆ, ಆದರೆ ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟೀರಿಂಗ್ ಹೊಳೀತಿದೆ, ಡ್ರೈವರ್ ಸೀಟು ಕುಸಿದಿದೆ. ಹಾಗಿದ್ರೆ ಸರ್ವಿಸ್ ಬಿಲ್ ಕೇಳಿ, ಒಂದೊಂದು ಬಿಲ್ಲಿನಲ್ಲೂ ಕಿಲೋಮೀಟರ್ ಬರೆದಿರುತ್ತೆ, ಸಾಲಾಗಿ ಜೋಡಿಸಿ ನೋಡಿ. ಇನ್ನೊಂದು, ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಎಂಜಿನ್, ಆಯಿಲ್, ಬ್ಯಾಟರಿ, ಏರ್‌ಬ್ಯಾಗ್, ಎಲ್ಲ ಲೈಟೂ ಒಮ್ಮೆ ಹತ್ತಬೇಕು. ಏರ್‌ಬ್ಯಾಗ್ ಇರೋ ಕಾರಲ್ಲಿ ಅದರ ಲೈಟ್ ಹತ್ತಲೇ ಇಲ್ಲ ಅಂದ್ರೆ ಬಲ್ಬ್ ಹೋಗಿರಬಹುದು, ಇಲ್ಲಾ ದೋಷ ಮುಚ್ಚಿಡೋದಕ್ಕೆ ಯಾರೋ ಬಲ್ಬ್ ಕಿತ್ತಿರಬಹುದು. ಯಾವುದು ಅಂತ ಗೊತ್ತಾಗೋವರೆಗೆ ಮುಂಗಡ ಕೊಡಬೇಡಿ.

ನಿಮ್ಮ ಮನೆಯಲ್ಲಿ ಹಳೇ ಕಾರಿದ್ರೆ ಇವತ್ತೇ ಒಂದು ಕೆಲಸ ಮಾಡಿ. ಕೀ ಆನ್ ಮಾಡಿ, ಮೀಟರಿನ ಒಂದು ಫೋಟೋ ತೆಗೆದು ದಿನಾಂಕದ ಜೊತೆ ಇಟ್ಕೊಳ್ಳಿ. ನಾಳೆ ಮೀಟರ್ ಸತ್ತರೂ ಲೆಕ್ಕ ನಿಮ್ಮ ಹತ್ರ ಇರುತ್ತೆ.